ಚೌಕಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಯಕ್ಷಗಾನ ಕಲಾವಿದರನ್ನು ಮಾತನಾಡಿಸಿ ಬರೆಯಬೇಕೆಂದಿರುವ ನಿನ್ನ ಪತ್ರ ತಲುಪಿತು. ತುಂಬಾ ಸಂತೋಷವಾಯಿತು. ನೀನು ಕಳಿಸಿದ ಪ್ರಶ್ನೆಗಳನ್ನೂ ಓದಿದೆ. ‘ನಿಮಗೆ ಸ್ಫೂರ್ತಿ ಯಾರು’, ‘ಈ ಕಲೆ ಉಳಿಯಬೇಕಾದರೆ ಏನು ಮಾಡಬೇಕು’ ಎಂಬ ಎರಡನ್ನು ದಯವಿಟ್ಟು ಹೊಡೆದುಹಾಕು. ಅವಕ್ಕೆ ಎಲ್ಲರ ಬಳಿಯೂ ಸನ್ಮಾನದ ವೇದಿಕೆಗಳಲ್ಲಿ ಹೇಳಿ ಹೇಳಿ ಸವೆದ ಉತ್ತರಗಳಿವೆ. ಕೆಲಸದ ಬಗ್ಗೆ ಕೇಳು. ಅದನ್ನು ಕೇಳುವವರು ಬಹಳ ಕಡಿಮೆ.

ಮೊದಲ ರಾತ್ರಿ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಬಣ್ಣದ ವೇಷದವರ ಪಕ್ಕದಲ್ಲಿ ಕುಳಿತುಕೊ. ರಾಕ್ಷಸ ಪಾತ್ರಗಳ ಮುಖಕ್ಕೆ ಚುಟ್ಟಿ ಇಡುವುದನ್ನು ಹತ್ತಿರದಿಂದ ನೋಡಬೇಕು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿಕೊಂಡು, ಅದನ್ನು ಸಣ್ಣ ಕಡ್ಡಿಯ ತುದಿಯಲ್ಲಿ ಎತ್ತಿ, ಕೆನ್ನೆ ಹಣೆಗಳ ಮೇಲೆ ಮುಳ್ಳುಮುಳ್ಳಾಗಿ ನಿಲ್ಲಿಸುತ್ತಾ ಹೋಗುತ್ತಾರೆ. ಒಂದು ಪದರ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ನಡೆಯುವ ಈ ಕೆಲಸವನ್ನು ವೇಷಧಾರಿ ತಾನೇ ಮಾಡಿಕೊಳ್ಳುತ್ತಾನೆ, ಒಂದು ಕೈಯಲ್ಲಿ ಕನ್ನಡಿ ಹಿಡಿದು. ದವಡೆಯ ಬಳಿ ಯಾಕೆ ಅಷ್ಟು ಜಾಗ ಬಿಟ್ಟಿರಿ ಎಂದು ಹಿರಿಯರೊಬ್ಬರನ್ನು ಕೇಳಿದೆ. ಬಾಯ್ದೆರೆದು ಆರ್ಭಟ ಕೊಡುವಾಗ ಚರ್ಮ ಎಷ್ಟು ಜಗ್ಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ರಂಗದ ಮೇಲೆ ಚುಟ್ಟಿ ಉದುರುತ್ತದೆ ಎಂದರು. ತನ್ನ ಮುಖ ವಯಸ್ಸಿನೊಂದಿಗೆ ಇಳಿದ ಹಾಗೆ ಸಾಲುಗಳನ್ನು ಎಲ್ಲೆಲ್ಲಿ ಸರಿಸಿಕೊಂಡೆ ಎಂಬುದನ್ನು ಬೆರಳಿಟ್ಟು ತೋರಿಸಿದರು. ಇಂಥ ಮಾತು ಕೈ ಕೆಲಸದಲ್ಲಿರುವಾಗ ಮಾತ್ರ ಹೊರಬರುತ್ತದೆ.

ಇನ್ನು ಅರ್ಥಗಾರಿಕೆ, ಅಂದರೆ ಪಾತ್ರಧಾರಿ ಆಡುವ ಮಾತು. ನಿನ್ನ ಪಟ್ಟಿಯಲ್ಲಿ ಇದರ ಸುದ್ದಿಯೇ ಇಲ್ಲ! ಪ್ರಸಂಗದ, ಅಂದರೆ ಆಡುವ ಕತೆಯ, ಪುಸ್ತಕದಲ್ಲಿರುವುದು ಪದ್ಯಗಳು. ಭಾಗವತರು ಪದ್ಯ ಹಾಡಿ ನಿಲ್ಲಿಸಿದೊಡನೆ ಪಾತ್ರಧಾರಿ ತನ್ನ ಮಾತನ್ನು ಅಲ್ಲಿಯೇ ಕಟ್ಟಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಜನ ಇಂದಿಗೂ ನೆನೆಯುತ್ತಾರೆ. ಆ ಮಾತುಗಳನ್ನು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ. ಹಾಗಾದರೆ ಸಿದ್ಧತೆ ಹೇಗೆ? ಕೃಷ್ಣ ಸಂಧಾನದ ಆಟವಿದ್ದ ಒಂದು ಸಂಜೆ ಕೌರವನ ಪಾತ್ರ ಮಾಡುವವರನ್ನು ಇದನ್ನೇ ಕೇಳಿದೆ. ಚಿಕ್ಕ ವಯಸ್ಸಿನಲ್ಲಿ ಕುಮಾರವ್ಯಾಸನನ್ನು ಓದಿ ಉತ್ತರಗಳನ್ನು ಕೂಡಿಟ್ಟುಕೊಳ್ಳುತ್ತಿದ್ದರಂತೆ. ಈಗ ಅವರು ಮೊದಲು ವಿಚಾರಿಸುವುದು ಇಂದಿನ ಕೃಷ್ಣ ಯಾರು ಎಂದು. ಮಾತು ಬೆಳೆಸುವವನಾದರೆ ಒಂದು ದಾರಿ, ಹೊಸಬನಾದರೆ ಇನ್ನೊಂದು. ಹೊಸಬನಿಗೆ ಉತ್ತರಿಸಲು ಬರುವಂಥ ಪ್ರಶ್ನೆಯನ್ನೇ ಹಾಕಬೇಕು, ಆಗಲೇ ಸನ್ನಿವೇಶ ನಿಲ್ಲುತ್ತದೆ ಎಂದರು. ಕಲಾವಿದನೊಬ್ಬನ ಬೆಳವಣಿಗೆಯ ಬಗ್ಗೆ ನಾನು ಕೇಳಿದ ಅತ್ಯಂತ ಖಚಿತವಾದ ಮಾತು ಅದು.

ವೃತ್ತಿಯ ಬಗ್ಗೆ ಕೇಳುವಾಗ ಪೂರ್ವರಂಗದಿಂದ, ಅಂದರೆ ಕತೆ ಶುರುವಾಗುವ ಮೊದಲಿನ ಕುಣಿತಗಳಿಂದ, ಆರಂಭಿಸು. ಹಳೆಯ ಕ್ರಮದಲ್ಲಿ ಹುಡುಗ ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ, ಪೂರ್ವರಂಗದ ಸ್ತ್ರೀವೇಷವಾಗಿ ಕಾಲು ಪಳಗಿಸಿಕೊಂಡು, ತರುಣ ವೀರರ ಪುಂಡುವೇಷಕ್ಕೆ ಏರಿ, ಆಮೇಲೆ ದೊಡ್ಡ ವೇಷಗಳಿಗೆ ಬರುತ್ತಿದ್ದ. ಪ್ರೇಕ್ಷಕರು ಇನ್ನೂ ಬಂದು ಕೂರುತ್ತಿರುವ ಆ ಹೊತ್ತೇ ಅವನ ಶಾಲೆ. ತಾಳ ತಪ್ಪಿದರೂ ಆಟ ಕೆಡುತ್ತಿರಲಿಲ್ಲ. ಆಟವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಬಂದಾಗ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಇಡೀ ರಾತ್ರಿ ಕೂರಲಾಗದ ಜನರಿಗೆ ಕಾಲಮಿತಿ ಬೇಕು, ಒಪ್ಪುತ್ತೇನೆ. ಆದರೆ ಹುಡುಗರು ಕಳೆದುಕೊಂಡ ಆ ಹೊತ್ತನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉಡುಪಿಯಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಎಂಬ ತಂಡದವರು ಗುಣವಂತೆಯಲ್ಲಿ ತರಬೇತಿ ಕೊಡುತ್ತಾರೆ. ಹೆಜ್ಜೆ, ತಾಳ, ಬಣ್ಣ ಅಲ್ಲಿ ಚೆನ್ನಾಗಿ ಸಿಗುತ್ತವೆ. ಆದರೆ ದಿನವೂ ರಂಗಕ್ಕೆ ಹೋಗಿ ಬರುವ ಅಭ್ಯಾಸಕ್ಕೆ ಮೇಳವೇ ಬೇಕು. ಇದರ ಬಗ್ಗೆ ಹಿರಿಯರ ಜೊತೆಗೆ ಇಪ್ಪತ್ತರ ಹರೆಯದವರನ್ನೂ ಕೇಳು, ಉತ್ತರ ಬೇರೆಯೇ ಇರುತ್ತದೆ.

ಹಣದ ಮಾತಿಗೆ ಸಂಕೋಚ ಬೇಡ, ಆದರೆ ಚೌಕಿಯಲ್ಲಿ ಎಲ್ಲರೆದುರು ಕೇಳಬೇಡ. ಡೇರೆ ಮೇಳದ ಬದುಕು ಟಿಕೆಟ್ಟಿನ ಮೇಲೆ ನಿಂತದ್ದು. ಭಕ್ತರು ಹರಕೆಯಾಗಿ ಆಟ ಆಡಿಸುವ ಹರಕೆ ಮೇಳಕ್ಕೆ ಆ ಚಿಂತೆ ಇಲ್ಲ. ಕಟೀಲು ದೇವಸ್ಥಾನದ ಮೇಳದಲ್ಲಿ ಮುಂದಿನ ಎಷ್ಟೋ ವರ್ಷಗಳಿಗೆ ಆಟಗಳು ನಿಗದಿಯಾಗಿರುತ್ತವೆ. ಅಲ್ಲಿಯ ಕಷ್ಟ ಬೇರೆ: ಮತ್ತೆ ಮತ್ತೆ ಅದೇ ದೇವಿಮಹಾತ್ಮೆ ಪ್ರಸಂಗ. ಎಷ್ಟೋ ಸಲ ಮಹಿಷಾಸುರನಾದವನು ಇಂದು ರಾತ್ರಿ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಬರುವಾಗ ಏನನ್ನು ಹೊಸದಾಗಿ ಮಾಡಲು ಯೋಚಿಸುತ್ತಾನೆ? ಇದನ್ನು ತಪ್ಪದೆ ಕೇಳು.

ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತಾರೆ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿ ಮನೆಮನೆಗೆ ಹೋಗುತ್ತಾರೆ, ಕೆಲವರು ಗದ್ದೆ ತೋಟ ನೋಡಿಕೊಳ್ಳುತ್ತಾರೆ. ಸಂಬಳ, ಮುಂಗಡ, ಮುಂದಿನ ವರ್ಷ ಯಾವ ಮೇಳ ಎಂಬ ಮಾತುಗಳಿಗೆ ಅವರ ಮನೆಯ ಜಗಲಿಯೇ ಸರಿಯಾದ ಜಾಗ. ಹಾಗಾಗಿ ಎರಡು ಸಲ ಬಾ: ಚೌಕಿ ನೋಡಲು ಏಪ್ರಿಲ್‌ನಲ್ಲಿ, ಮಾತಿಗೆ ಜುಲೈಯಲ್ಲಿ. ಆ ಕೌರವನ ಪಾತ್ರದವರಿಗೆ ನಿನ್ನ ವಿಷಯ ಹೇಳಿದ್ದೇನೆ, ಒಪ್ಪಿದ್ದಾರೆ. ದಿನ ಗೊತ್ತಾದೊಡನೆ ತಿಳಿಸು.

ನಿನ್ನ ಪ್ರೀತಿಯ ಗೆಳೆಯ