ಕೇಬಲ್ ಬಿಲ್ಲಿಗೆ ಹೇಳೋರು ಕೇಳೋರು ಯಾರೂ ಇಲ್ವಾ?

ಸಂಪಾದಕರೇ,

ಕೇಬಲ್ ದರ ಏರಿಕೆ ಬಗ್ಗೆ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಅಧಿಕಾರಿಯೊಬ್ಬರು ‘ಇದುವರೆಗೆ ಲಿಖಿತ ದೂರು ಬಂದಿಲ್ಲ’ ಅಂದಿದ್ದಾರೆ. ಎಲ್ಲಿಂದ ಬರಬೇಕು? ದೂರು ಯಾರ ಕೈಗೆ ಕೊಡಬೇಕು ಅಂತ ಯಾರಾದರೂ ಹೇಳಿದ್ದರೆ ತಾನೇ ಕೊಡೋದು?

ನಿನ್ನೆ ನಮ್ಮ ಮನೆಯಲ್ಲಿ ಆದದ್ದು ಇದು. ಸಂಜೆ ಕೇಬಲ್ ಹುಡುಗ ದುಡ್ಡಿಗೆ ಬಂದ. ಹೋದ ತಿಂಗಳವರೆಗೆ 330 ರೂಪಾಯಿ ಇತ್ತು, ಈ ಸಲ 380 ಅಂದ. ಯಾಕಪ್ಪಾ ಅಂದರೆ ‘ರೇಟ್ ಜಾಸ್ತಿ ಆಗಿದೆ ಅಕ್ಕಾ’ ಅಷ್ಟೇ. ಯಾವುದಕ್ಕೆ ಎಷ್ಟು ಅಂತ ಲೆಕ್ಕ ಕೊಟ್ಟರೆ ಉಳಿದದ್ದು ಕೊಡುತ್ತೇನೆ ಅಂದು 330 ಕೊಟ್ಟು ರಸೀದಿ ಕೇಳಿದೆ. ಜೇಬಿನಿಂದ ಮಳೆಗೆ ಒದ್ದೆಯಾದ ಸಣ್ಣ ನೋಟ್‌ಬುಕ್ ತೆಗೆದು, ನಮ್ಮ ಮನೆ ಹೆಸರಿನ ಮುಂದೆ ಒಂದು ಟಿಕ್ ಹಾಕಿ ತೋರಿಸಿದ. ಅದೇ ರಸೀದಿಯಂತೆ! ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ ಕೆಲಸ ಮಾಡುವವನು ಅವನು.

ರಾತ್ರಿ ಎಂಟಕ್ಕೆ ಟಿ.ವಿ. ಬಂದ್. ನಮ್ಮ ಅತ್ತೆಗೆ 84 ವರ್ಷ, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಇಡೀ ದಿನಕ್ಕೆ ಜೊತೆ ಅಂತ ಇರೋದು ಅದೊಂದೇ. ಫೋನ್ ಮಾಡಿದರೆ ‘ಪೂರ್ತಿ ಕಟ್ಟಿ, ಆಮೇಲೆ ಬಿಡ್ತೇವೆ’ ಅಂತ ಉತ್ತರ. 50 ರೂಪಾಯಿಗೆ ಮುದುಕಿಯನ್ನು ಕತ್ತಲೆ ಪರದೆ ಮುಂದೆ ಕೂರಿಸಿದರು.

ನಿಲ್ಲಿಸುವುದಕ್ಕೆ ಎರಡು ಗಂಟೆ ಸಾಕು. ಸರಿ ಮಾಡುವುದಕ್ಕೆ? ಜುಲೈ ಮಳೆಯಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ವೈರ್ ನಮ್ಮ ಅಂಗಳಕ್ಕೆ ಬಂತು. ಹನ್ನೊಂದು ದಿನ ಯಾರೂ ಬರಲಿಲ್ಲ. ಕೊನೆಗೆ ನಾವೇ ಪ್ಲಾಸ್ಟಿಕ್ ಹಗ್ಗದಲ್ಲಿ ಬೇಲಿ ಕಂಬಕ್ಕೆ ಕಟ್ಟಿದೆವು, ದನ ಸಿಕ್ಕಿಕೊಳ್ಳದಿರಲಿ ಅಂತ. ಆ ತಿಂಗಳೂ ಒಂದು ಪೈಸೆ ಕಡಿಮೆ ಮಾಡಲಿಲ್ಲ.

ನಿಯಮ ಇಲ್ಲವೇ? ಬೇಕಾದಷ್ಟಿದೆ. 2019ರಲ್ಲಿ ‘ನೋಡುವ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ’ ಅಂತ ಟ್ರಾಯ್ (ಕೇಬಲ್, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಪ್ರಾಧಿಕಾರ) ಹೊಸ ಪದ್ಧತಿ ತಂದಿತು. 100 ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ, ಅಂದರೆ ಸಂಪರ್ಕಕ್ಕೆ ಕೊಡುವ ದುಡ್ಡು, ಹೆಚ್ಚೆಂದರೆ 130 ರೂಪಾಯಿ, ಶೇ 18 ಜಿಎಸ್‌ಟಿ ಸೇರಿಸಿದರೆ 153 ರೂಪಾಯಿ 40 ಪೈಸೆ. ಮರುವರ್ಷ ಅದೇ ದುಡ್ಡಿಗೆ 200 ಚಾನೆಲ್ ಮಾಡಿದರು. ಪೇ ಚಾನೆಲ್‌ಗಳಿಗೆ ಬೇರೆ ದುಡ್ಡು, ಅದು ನಮ್ಮ ಆಯ್ಕೆ. ಆಯ್ಕೆ ಮಾಡಿ ಅಂತ ನಮ್ಮನ್ನು ಕೇಳಿದವರು ಯಾರು? ಕ್ರಿಕೆಟ್ ನೋಡುವವರೇ ಇಲ್ಲದ ನಮ್ಮ ಮನೆಯ ಪ್ಯಾಕೇಜಿನಲ್ಲಿ ಸ್ಪೋರ್ಟ್ಸ್ ಚಾನೆಲ್‌ಗಳಿವೆ. 2024ರಲ್ಲಿ ಆ 130ರ ಮಿತಿಯನ್ನೂ ತೆಗೆದರು. ಮಿತಿ ಹೋದ ಮೇಲೆ ಜಾಸ್ತಿ ಕಣ್ಣಿಡಬೇಕು, ಅಲ್ವಾ? ಟ್ರಾಯ್ ದೆಹಲಿಯಲ್ಲಿದೆ. ದುಡ್ಡು ಕೇಳುವವರು ನಮ್ಮ ಅಂಗಳದಲ್ಲಿದ್ದಾರೆ. ನಡುವೆ ಯಾರೂ ಇಲ್ಲ.

ಕಾಗದದ ಮೇಲೆ ಇದ್ದಾರೆ. 1995ರ ಕೇಬಲ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟದವರನ್ನು ಅದನ್ನು ಜಾರಿ ಮಾಡುವ ಅಧಿಕೃತ ಅಧಿಕಾರಿಗಳು ಅಂತ ಹೆಸರಿಸಿದ್ದಾರೆ. ನಾನು ಒಂದು ಕಚೇರಿಗೆ ಹೋದರೆ ‘ನಮಗೆ ಬರಲ್ಲ’ ಅಂದರು. ಇನ್ನೊಂದು ಕಡೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಮೂರು ವರ್ಷದ ಹಿಂದೆ ಬೀದಿ ದೀಪಕ್ಕೆ ಅರ್ಜಿ ಕೊಡಲು ಹೋದಾಗಲೂ ಇದೇ ಮೀಟಿಂಗ್. ಆ ದೀಪ ಇವತ್ತಿಗೂ ಹತ್ತಿಲ್ಲ. ನಮ್ಮೂರಿನ ಸಂಜೆ ಬಸ್ಸು ರದ್ದು ಮಾಡಿದಾಗಲೂ ಇದೇ ಕಥೆ. ಕಂದಾಯ ಒಂದು ದಿನ ತಡವಾದರೆ ಮಾತ್ರ ನೋಟಿಸ್ ತಪ್ಪದೆ ಬರುತ್ತದೆ.

ಟಿ.ವಿ. ನೋಡದಿದ್ದರೆ ಏನಾಯ್ತು ಅಂತ ಕೆಲವರು ಕೇಳಬಹುದು. ಕೊಡಗಿನ ಮಳೆಗಾಲ ಗೊತ್ತಿಲ್ಲದವರು ಕೇಳುವ ಮಾತು ಅದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಯಾವ ರಸ್ತೆ ಇದೆ, ಯಾವುದು ಹೋಗಿದೆ ಅಂತ ತಿಳಿಯದೆ ನಾವು ಪಟ್ಟ ಪಾಡು ನಮಗೇ ಗೊತ್ತು. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಸತ್ತಿತು. ಮಡಿಕೇರಿ ಆಕಾಶವಾಣಿಗೆ ಕಿವಿ ಕೊಟ್ಟು ಕೂತಿದ್ದೆವು. ನಾಳೆ ಶಾಲೆಗೆ ರಜೆ ಇದೆಯಾ, ಕಾವೇರಿ ನೀರು ಎಲ್ಲಿಗೆ ಬಂತು, ಟಿ.ವಿ.ಯಲ್ಲಿ ಬರುವ ಇವೆಲ್ಲ ನಮಗೆ ಸುಮ್ನೆ ಹೊತ್ತು ಕಳೆಯುವ ಸುದ್ದಿ ಅಲ್ಲ.

ಜಿಲ್ಲಾಡಳಿತ ಕೂಡಲೇ ಈ ಕಡೆ ನೋಡಬೇಕು. ಪ್ರತಿ ಮನೆಗೂ ಬಿಡಿಬಿಡಿಯಾಗಿ ಬರೆದ ಬಿಲ್ ಕೊಡಿಸಲಿ. ಇಲ್ಲವೇ ಏರಿಸಿದ 50 ರೂಪಾಯಿ ಇಳಿಸಲಿ. ಆಗದಿದ್ದರೆ ಯಾರ ಕೈಲಾಗುತ್ತದೆ ಅಂತಾದರೂ ಹೇಳಲಿ. ಹಾಗೇ ಆ ಬೀದಿ ದೀಪವನ್ನೂ ನೋಡಲಿ. ಸಂಬಳ ತೆಗೆದುಕೊಂಡು ಕುರ್ಚಿಯಲ್ಲಿ ಕೂತವರಿಗೆ ಇಷ್ಟೂ ನಾಚಿಕೆ ಬೇಡವೇ?

ಲಿಖಿತ ದೂರು ಬಂದಿಲ್ಲ ಅಂದ ಆ ಅಧಿಕಾರಿ ಇದನ್ನೇ ಲಿಖಿತ ದೂರು ಅಂತ ತಿಳಿದುಕೊಳ್ಳಲಿ.

– ನೊಂದ ಗ್ರಾಹಕಿ, ವಿರಾಜಪೇಟೆ ತಾಲ್ಲೂಕು