ಕಿಡ್ನಿ ಪೂರ್ತಿ ತೆಗೆಸುವ ಮೊದಲು ಒಂದು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಭಾವನಿಗೆ ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಎಡಗಡೆ ಕಿಡ್ನಿಯಲ್ಲಿ 3 ಸೆಂಟಿಮೀಟರಿನ ಗಡ್ಡೆ ಕಾಣಿಸಿತು. ನೋವಿಲ್ಲ, ಮೂತ್ರದಲ್ಲಿ ರಕ್ತ ಇಲ್ಲ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ "ಕಿಡ್ನಿ ತೆಗೆದುಬಿಡೋಣ, ಇನ್ನೊಂದು ಇದೆಯಲ್ಲ" ಅಂದರು. ಆಪರೇಷನ್‌ಗೆ ದಿನವನ್ನೂ ಕೊಟ್ಟರು. ಭಾವನಿಗೆ ಹತ್ತು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ, ಉಳಿಯುವ ಆ ಒಂದು ಕಿಡ್ನಿಯ ಗತಿ ಏನು ಅಂತ ಅವರೂ ಹೇಳಲಿಲ್ಲ, ನಮಗೂ ಕೇಳಲು ಹೊಳೆಯಲಿಲ್ಲ.

ಅಕ್ಕ ಹಟ ಹಿಡಿದಳು. ಬೆಂಗಳೂರಿನಲ್ಲಿ ಇನ್ನೊಬ್ಬ ಯುರಾಲಜಿಸ್ಟ್ (ಕಿಡ್ನಿ, ಮೂತ್ರದ ಕಾಯಿಲೆಗಳ ಸರ್ಜನ್) ಸಿಟಿ ಫಿಲ್ಮ್ ನೋಡಿ, ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸಬಹುದು ಅಂದರು. ಹಾಗೇ ಮಾಡಿದರು.

ಪೂರ್ತಿ ತೆಗೆಯುವ ಪದ್ಧತಿ ಸುಮ್ನೆ ಬಂದದ್ದಲ್ಲ. 1963ರಲ್ಲಿ ಚಾರ್ಲ್ಸ್ ರಾಬ್ಸನ್ ಎಂಬ ಸರ್ಜನ್ ಕಿಡ್ನಿಯನ್ನು ಸುತ್ತಲಿನ ಕೊಬ್ಬಿನ ಸಮೇತ ತೆಗೆಯುವ ಕ್ರಮವನ್ನು ವಿವರಿಸಿದರು. ಆಗ ಸಿಟಿ ಸ್ಕ್ಯಾನ್ ಇರಲಿಲ್ಲ, ಗಡ್ಡೆ ಕೈಗೆ ಸಿಗುವಷ್ಟು ಬೆಳೆದ ಮೇಲೆ ಅಥವಾ ರಕ್ತ ಹೋದ ಮೇಲೆ ಜನ ಬರುತ್ತಿದ್ದರು. ಈಗ ಅರ್ಧಕ್ಕಿಂತ ಜಾಸ್ತಿ ಗಡ್ಡೆಗಳು ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ, ಸಣ್ಣದಿರುವಾಗಲೇ ಸಿಗುತ್ತವೆ. ಅದರಲ್ಲೂ ಸುಮಾರು ಐದರಲ್ಲೊಂದು ಕ್ಯಾನ್ಸರೇ ಅಲ್ಲ. ವಯಸ್ಸಾದವರಿಗಾದರೆ ಆಗಾಗ ಸ್ಕ್ಯಾನ್ ಮಾಡಿ ಕಾದು ನೋಡುವುದೂ ಉಂಟು.

2006ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು, 4 ಸೆಂಟಿಮೀಟರಿನೊಳಗಿನ ಗಡ್ಡೆಗೆ ಆಪರೇಷನ್ ಆದವರ ಲೆಕ್ಕ ಪ್ರಕಟಿಸಿದರು. ಮೂರು ವರ್ಷದೊಳಗೆ ಕಿಡ್ನಿಯ ಕೆಲಸ ಕುಗ್ಗಿದವರು, ಗಡ್ಡೆ ಮಾತ್ರ ತೆಗೆಸಿದವರಲ್ಲಿ ನೂರಕ್ಕೆ ಸುಮಾರು 20, ಪೂರ್ತಿ ತೆಗೆಸಿದವರಲ್ಲಿ 65! ಪೂರ್ತಿ ತೆಗೆಸದವರ ಆಯಸ್ಸೇನೂ ಹೆಚ್ಚಲಿಲ್ಲ ಅಂತ 2011ರಲ್ಲಿ ಯುರೋಪಿನ ಅಧ್ಯಯನವೊಂದು ಹೇಳಿತು, ಅದನ್ನೂ ಮುಚ್ಚಿಡಬಾರದು. ಆದರೆ ಶುಗರ್ ಇರುವವರ ಮನೆಯಲ್ಲಿ ಡಯಾಲಿಸಿಸ್ ಅನ್ನುವ ಪದ ಕೇಳಿದರೇ ಎದೆ ಝಲ್ಲೆನ್ನುತ್ತದೆ, ಅಲ್ವಾ?

ಗಡ್ಡೆ ಮಾತ್ರ ತೆಗೆಯುವುದು ಕಷ್ಟದ ಕೆಲಸ. ರಕ್ತನಾಳಕ್ಕೆ ಕ್ಲಾಂಪ್ ಹಾಕಿ ರಕ್ತ ತಡೆದು, ಅರ್ಧ ಗಂಟೆಯೊಳಗೆ ಗಡ್ಡೆ ಬಿಡಿಸಿ ಹೊಲಿಯಬೇಕು. ರಕ್ತಸ್ರಾವದ ಭಯ ಜಾಸ್ತಿ. ಗಡ್ಡೆ ದೊಡ್ಡದಾಗಿದ್ದರೆ ಅಥವಾ ಕಿಡ್ನಿಯ ನಡುವಿನ ರಕ್ತನಾಳಗಳಿಗೆ ಅಂಟಿಕೊಂಡಿದ್ದರೆ ಎಷ್ಟೋ ಸಲ ಪೂರ್ತಿ ತೆಗೆಯಲೇಬೇಕಾಗುತ್ತದೆ. 1990ರಲ್ಲಿ ಅಮೆರಿಕದಲ್ಲಿ ಮೊದಲ ಸಲ ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಕಿಡ್ನಿ ತೆಗೆದರು, ಈಗ ರೋಬೋಟ್ ಬಂದಿದೆ. ನಾವೋ, ಹೊರಗೆ ಎಷ್ಟು ಸಣ್ಣ ತೂತು ಅಂತ ಕೇಳುತ್ತೇವೆ, ಒಳಗೆ ಎಷ್ಟು ಕಿಡ್ನಿ ಉಳಿಸುತ್ತೀರಿ ಅಂತ ಕೇಳುವುದಿಲ್ಲ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಒಂದೇ. ಕಿಡ್ನಿ ತೆಗೆಯುವ ಆಪರೇಷನ್‌ನ ಒಪ್ಪಿಗೆ ಪತ್ರದಲ್ಲಿ, ಕನ್ನಡದಲ್ಲೇ, ಒಂದು ಸಾಲು ಕಡ್ಡಾಯ ಮಾಡಿ: ಗಡ್ಡೆ ಮಾತ್ರ ತೆಗೆಯಲು ಆಗುತ್ತದೆಯೇ, ಆಗದಿದ್ದರೆ ಯಾಕೆ. ಡಾಕ್ಟರು ಅದನ್ನು ಬರೆದು ಸಹಿ ಹಾಕಲಿ, ಆಮೇಲೆ ನಾವು ಹಾಕುತ್ತೇವೆ.

— ಒಬ್ಬ ಓದುಗ, ದಾವಣಗೆರೆ