ಎಸ್‌ಡಿಎಂಸಿಗೆ ಹೂಂ ಅನ್ನು ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮಗಳ ಶಾಲೆಯವರು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸೇರು ಅಂತ ಕರೆದಿದ್ದಾರೆ. ನೀನು ಮಾತ್ರ ‘ಏಳನೇ ಕ್ಲಾಸು ಓದಿದವನು, ಮೇಷ್ಟ್ರ ಮುಂದೆ ಕೂತು ಏನು ಮಾತಾಡಲಿ’ ಅಂತ ಹಿಂದೇಟು ಹಾಕುತ್ತಿದ್ದೀಯ. ನಿನ್ನ ಹಾಗೇ ಯೋಚಿಸುವ ಅಪ್ಪ ಅಮ್ಮಂದಿರು ಜಾಸ್ತಿ ಇದ್ದಾರೆ. ಅವರೂ ಓದಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದಿದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳಿತು: ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಇಷ್ಟು ಓದಿರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಬಂದ ಅನುದಾನ ಯಾವುದಕ್ಕೆ ಖರ್ಚಾಯಿತು ಅಂತ ಕೇಳುವುದು, ಮುಂದೆ ಏನೇನು ಆಗಬೇಕು ಅಂತ ಯೋಜನೆ ಹಾಕುವುದು, ಇದಿಷ್ಟೂ ನಿಮ್ಮ ಕೆಲಸವೇ.

ನಮ್ಮೂರ ಸಮಿತಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಕೂಲಿಗೆ ಹೋಗುವವರು, ಸಹಿ ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ಮಗಳು ಬಾಟಲಿಯಲ್ಲಿ ತೆಗೆದುಕೊಂಡು ಹೋದ ನೀರನ್ನು ಹಾಗೇ ವಾಪಸ್ ತರುತ್ತಿದ್ದಳಂತೆ. ಯಾಕೆ ಅಂತ ಕೇಳಿದರೆ, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಅದಕ್ಕೆ ನೀರೇ ಕುಡಿಯುವುದಿಲ್ಲ ಅಂದಳಂತೆ. ಉಳಿದ ಹುಡುಗಿಯರದ್ದೂ ಅದೇ ಕಥೆ. ಅಕ್ಕ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿದಾಗ ಯಾರ ಬಾಯಲ್ಲೂ ಮಾತಿಲ್ಲ. ಅದೇ ವಾರ ಚಿಲಕ ಬಂತು. ನೋಡು, ಯಾವ ಕಡತದಲ್ಲೂ ಇಲ್ಲದ ವಿಷಯ ಇದು. ಒಬ್ಬ ತಾಯಿಯ ಕಣ್ಣಿಗೆ ಬಿತ್ತು.

ಬಿಸಿಯೂಟದ ಕೋಣೆಗೂ ಹೋಗಿ ಬಾ. ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ ಅಂತ ಲೆಕ್ಕವಿದೆ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು. ಬೇಳೆ ಬೆಂದಿದೆಯಾ, ಸೊಪ್ಪು ಬಾಡಿದೆಯಾ ಅಂತ ಸಂತೆಯಲ್ಲಿ ತರಕಾರಿ ಮಾರುವ ನಿನಗೆ ಯಾರಾದರೂ ಹೇಳಿಕೊಡಬೇಕಾ? ಆದರೆ ಅಡುಗೆಯವರ ಮೇಲೆ ದಬಾಯಿಸಬೇಡ. ಅವರಿಗೆ ಸಿಗುವ ಗೌರವಧನ ತೀರಾ ಕಡಿಮೆ, ಹೊಗೆ ಶೆಕೆ ಎಲ್ಲ ಅವರ ಪಾಲಿಗೇ.

ಮೇಷ್ಟ್ರ ಜೊತೆಗೂ ಅಷ್ಟೇ. ಜಗಳಕ್ಕೆ ಮಾತ್ರ ಶಾಲೆಯ ಮೆಟ್ಟಿಲು ಹತ್ತುವ ಪೋಷಕರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಸುಗ್ಗಿ ಹೊತ್ತಿಗೆ ಯಾವ ಮಗು ಶಾಲೆ ಬಿಡುತ್ತಿದೆ ಅಂತ ಮೇಷ್ಟ್ರಿಗೆ ಹಾಜರಿ ನೋಡಿದರೆ ತಿಳಿಯುತ್ತದೆ. ಆದರೆ ಆ ಮನೆಯ ಜಗಲಿಯ ಮೇಲೆ ಕೂತು ‘ಕಳಿಸಮ್ಮಾ’ ಅನ್ನಲು ನಿನ್ನಂಥ ಊರಿನವನೇ ಬೇಕು.

ಸಭೆಗೆ ಹೋದರೆ ಆ ದಿನದ ವ್ಯಾಪಾರ ಹೋಗುತ್ತದೆ ಅಂದಿದ್ದೀಯ. ಅದು ನಿಜವಾದ ಕಷ್ಟ, ಸುಮ್ನೆ ಹೇಳುವ ನೆಪ ಅಲ್ಲ. ಸಂತೆ ದಿನ ಬಿಟ್ಟು, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸಭೆ ಇಡಿ ಅಂತ ಹೆಡ್‌ಮಾಸ್ಟರಿಗೆ ಮೊದಲೇ ಹೇಳು. ಕೂಲಿಗೆ ಹೋಗುವ ಹೆಂಗಸರಿಗೂ ಆಗ ಬರಲು ಆಗುತ್ತದೆ.

ಒಪ್ಪಿಕೊಂಡ ಮೇಲೆ ಫೋನ್ ಮಾಡು. ಮೊದಲ ಸಭೆಯಲ್ಲಿ ಏನು ಕೇಳಬೇಕು ಅಂತ ಕೂತು ಮಾತಾಡೋಣ. ಮಗಳಿಗೆ ನನ್ನ ಪ್ರೀತಿ ತಿಳಿಸು.

ಇಂತಿ ನಿನ್ನ ಗೆಳೆಯ